ಕೊಯ್ದ ಬಾಳೆ ಬೇಗ ಕೆಡದಂತೆ ಇಡುವುದು ಹೇಗೆ? ತುಮಕೂರು ಭಾಗದ ಬೆಳೆಗಾರರಿಗೆ ಹಂತ ಹಂತದ ಮಾರ್ಗದರ್ಶಿ

ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆ ಅಡಿಕೆ, ತೆಂಗಿನ ನಡುವೆ ಏಲಕ್ಕಿ ಬಾಳೆ ಹಾಕಿದವರಿಂದ ಒಂದೇ ದೂರು ಮತ್ತೆ ಮತ್ತೆ ಬರುತ್ತಿದೆ. ಗೊನೆ ತೋಟದಲ್ಲಿ ಚೆನ್ನಾಗಿತ್ತು, ಮಂಡಿಗೆ ಹೋಗುವಷ್ಟರಲ್ಲಿ ಚಿಪ್ಪಿನ ಬುಡ ಕಪ್ಪಾಗಿತ್ತು. ಇನ್ನು ಕೆಲವರ ಕಾಯಿ ಎರಡೇ ದಿನದಲ್ಲಿ ಒಟ್ಟಿಗೆ ಹಣ್ಣಾಗಿ ಉದುರಿಹೋಯಿತು. ದೂರಿನ ಹಿಂದೆಯೇ ಪ್ರಶ್ನೆಯೂ ಬರುತ್ತದೆ: ಯಾವ ಔಷಧಿ ಹಾಕಬೇಕು?

ಔಷಧಿಯಿಂದ ಶುರು ಮಾಡಿದರೆ ಕೆಲಸ ಆಗುವುದಿಲ್ಲ. ಬಿಸಿಲಲ್ಲಿ ಕಾದು, ನೆಲಕ್ಕೆ ಬಡಿದು, ಸೊನೆ ಮೆತ್ತಿಕೊಂಡ ಕಾಯಿಗೆ ಆಮೇಲೆ ಯಾವ ಪುಡಿ ಹಾಕಿದರೂ ಆಯಸ್ಸು ಮರಳಿ ಬರುವುದಿಲ್ಲ. ಗೊನೆ ಕಡಿದ ದಿನ ಏನು ಮಾಡುತ್ತೀರಿ, ಯಾವ ಕ್ರಮದಲ್ಲಿ ಮಾಡುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಅದಕ್ಕೇ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಗೊನೆಯಾಗಿಯೇ ಮಾರುವವರು 1, 2, 3 ಮತ್ತು 8ನೇ ಹಂತ ಓದಿದರೆ ಸಾಕು. ಚಿಪ್ಪು ಬಿಡಿಸಿ ಅಂಗಡಿಗೆ ಕೊಡುವವರು ಪೂರ್ತಿ ಓದಿ.

ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

- ಗೊನೆ ಕಡಿಯಲು ಹರಿತವಾದ ಮಚ್ಚು, ಚಿಪ್ಪು ಬಿಡಿಸಲು ಬೇರೆ ಚಾಕು
- 100 ಲೀಟರ್ ಹಿಡಿಯುವ ಎರಡು ತೊಟ್ಟಿ ಅಥವಾ ಡ್ರಮ್ಮು
- ಪಟಿಕ, ಬ್ಲೀಚಿಂಗ್ ಪೌಡರ್
- ಪ್ಲಾಸ್ಟಿಕ್ ಕ್ರೇಟ್, ಅದರೊಳಗೆ ಹಾಸಲು ಫೋಮ್ ಹಾಳೆ ಅಥವಾ ಬಾಳೆ ಎಲೆ
- ಗೋಡೆಗೆ ತೂಗು ಹಾಕುವ ಸಾಮಾನ್ಯ ಥರ್ಮಾಮೀಟರ್
- ಬಣ್ಣದ ಪ್ಲಾಸ್ಟಿಕ್ ದಾರ ಅಥವಾ ರಿಬ್ಬನ್

ಥರ್ಮಾಮೀಟರ್ ಯಾಕೆ ಅಂತ ಕೇಳುವವರು ಜಾಸ್ತಿ. ಬಾಳೆ ಇಡುವ ಕೋಣೆ ತಂಪಾಗಿದೆ ಎಂದು ಮೈಗೆ ಅನಿಸಿದರೂ ಮಧ್ಯಾಹ್ನ 34 ಡಿಗ್ರಿ ತೋರಿಸಬಹುದು. ನೋಡದೆ ಗೊತ್ತಾಗುವುದಿಲ್ಲ.

ಹಂತ 1: ಗೊನೆ ಗಿಡದಲ್ಲಿ ಇರುವಾಗ

ಕೊನೆಯ ಚಿಪ್ಪು ಬಿಚ್ಚಿಕೊಂಡ ಮೇಲೆ ತುದಿಯ ಬಾಳೆ ಹೂವನ್ನು ಕತ್ತರಿಸಿ. ಅದೇ ದಿನ ಗೊನೆಗೆ ಒಂದು ಬಣ್ಣದ ದಾರ ಕಟ್ಟಿ. ಈ ವಾರ ಕೆಂಪು, ಮುಂದಿನ ವಾರ ನೀಲಿ. ಯಾವ ಬಣ್ಣ ಯಾವ ವಾರದ್ದು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಹಂತ ಪೂರ್ತಿ ಈ ದಾರದ ಮೇಲೆ ನಡೆಯುತ್ತದೆ.

ಕಾಯಿಗಳ ತುದಿಯಲ್ಲಿ ಅಂಟಿಕೊಂಡ ಒಣ ಹೂವುಗಳನ್ನು ಕೈಯಲ್ಲಿ ಉದುರಿಸಿ. ಗೊನೆಗೆ ಉಜ್ಜುವ ಒಣ ಎಲೆ ತೆಗೆಯಿರಿ. ಹಣ್ಣಾದ ಮೇಲೆ ಸಿಪ್ಪೆಯಲ್ಲಿ ಕಾಣುವ ಕಪ್ಪು ಚುಕ್ಕೆ ರೋಗ ಮಂಡಿಯಲ್ಲಿ ಹತ್ತಿದ್ದಲ್ಲ. ಆ ಶಿಲೀಂಧ್ರ ಒಣ ಎಲೆ, ಒಣ ಹೂವಿನಲ್ಲಿ ಬೆಳೆದು, ಎಳೆಗಾಯಿಯ ಸಿಪ್ಪೆಗೆ ಸೇರಿ, ಸುಮ್ನೆ ಕೂತಿರುತ್ತದೆ. ಕಾಯಿ ಮಾಗಿದಾಗ ಎದ್ದು ಬರುತ್ತದೆ. ಹಾಗಾಗಿ ಕೊಯ್ಲಿನ ನಂತರದ ಕೊಳೆಗೆ ತೋಟದಲ್ಲೇ ಮದ್ದು ಮಾಡಬೇಕು.

ಕಡಿಯುವ ಎರಡು ಮೂರು ದಿನ ಮುಂಚೆ ನೀರು ನಿಲ್ಲಿಸಿ. ನೀರು ಕುಡಿದು ಬಿಗಿದ ಕಾಯಿ ಸಣ್ಣ ಪೆಟ್ಟಿಗೂ ಸೀಳುತ್ತದೆ.

ಹಂತ 2: ಯಾವಾಗ ಕಡಿಯಬೇಕು?

ಹೆಚ್ಚಿನ ನಷ್ಟ ಶುರುವಾಗುವುದು ಇಲ್ಲೇ. ಗೊನೆ ಬಿಟ್ಟ ಮೇಲೆ ತಳಿ ಮತ್ತು ಹವೆ ನೋಡಿ ಸುಮಾರು 90ರಿಂದ 120 ದಿನಕ್ಕೆ ಕಾಯಿ ಬಲಿಯುತ್ತದೆ. ಬೇಸಿಗೆಯಲ್ಲಿ ಬೇಗ, ಚಳಿಗಾಲದಲ್ಲಿ ತಡ. ದಾರದ ಬಣ್ಣ ನೋಡಿದರೆ ಗೊನೆಯ ವಯಸ್ಸು ಗೊತ್ತಾಗುತ್ತದೆ. ಆಮೇಲೆ ಕಾಯಿಯನ್ನು ನೋಡಿ ನಿರ್ಧರಿಸಿ.

ಎಳೆಗಾಯಿಯ ಮೈಯಲ್ಲಿ ಏಣುಗಳು ಚೂಪಾಗಿರುತ್ತವೆ. ಬಲಿತಂತೆ ಕಾಯಿ ತುಂಬಿ, ಏಣು ಮೊಂಡಾಗುತ್ತದೆ. ಕಡು ಹಸಿರು ಸ್ವಲ್ಪ ತಿಳಿಯಾಗುತ್ತದೆ. ತುದಿಯಲ್ಲಿ ಒಣ ಹೂವು ಇನ್ನೂ ಉಳಿದಿದ್ದರೆ ಮುಟ್ಟಿದ ಕೂಡಲೇ ಉದುರುತ್ತದೆ. ಈ ಮೂರನ್ನೂ ಗೊನೆಯ ನಡುವಿನ ಚಿಪ್ಪಿನಲ್ಲಿ ನೋಡಿ. ಮೇಲಿನ ಚಿಪ್ಪು ಮೊದಲು ಬಲಿಯುತ್ತದೆ, ಕೆಳಗಿನದು ಕೊನೆಗೆ. ಬರೀ ಮೇಲಿನ ಚಿಪ್ಪು ನೋಡಿ ಕಡಿದರೆ ಕೆಳಗಿನ ಕಾಯಿ ಎಳೆಯದಾಗಿಯೇ ಉಳಿಯುತ್ತದೆ.

ಎಷ್ಟು ಬಲಿತಿರಬೇಕು ಎನ್ನುವುದು ಎಲ್ಲಿ ಮಾರುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. ತುಮಕೂರು ಪೇಟೆಗೇ ಕೊಡುವುದಾದರೆ ಚೆನ್ನಾಗಿ ತುಂಬಿದ ಕಾಯಿ ಸರಿ. ದೂರಕ್ಕೆ ಕಳಿಸುವುದಾದರೆ, ಅಥವಾ ಹಬ್ಬದ ಬೆಲೆಗಾಗಿ ನಾಲ್ಕೈದು ದಿನ ಇಡುವುದಾದರೆ, ಮುಕ್ಕಾಲು ಭಾಗ ಬಲಿತಾಗಲೇ ಕಡಿಯಿರಿ. ಏಣು ಇನ್ನೂ ತುಸು ಕೈಗೆ ಸಿಗಬೇಕು.

ಇಲ್ಲಿ ಎರಡು ತಪ್ಪು ನಡೆಯುತ್ತವೆ. ತೂಕ ಬರಲಿ ಎಂದು ಕಾಯಿ ಪೂರ್ತಿ ದುಂಡಗಾಗುವವರೆಗೆ ಬಿಡುವುದು ಒಂದು. ಅಂಥ ಕಾಯಿ ಗಿಡದಲ್ಲೇ ಹಣ್ಣಾಗಲು ಶುರುವಾಗಿರುತ್ತದೆ. ಸಿಪ್ಪೆಯೂ ಸೀಳಬಹುದು. ಇನ್ನೊಂದು, ವರಮಹಾಲಕ್ಷ್ಮಿಗೋ ಗೌರಿ ಹಬ್ಬಕ್ಕೋ ಬೆಲೆ ಬಂತು ಎಂದು ಎಳೆಗೊನೆ ಕಡಿಯುವುದು. ಅದು ಹಸಿರಾಗಿ ತುಂಬಾ ದಿನ ನಿಲ್ಲುತ್ತದೆ ನಿಜ. ಆದರೆ ಸುಕ್ಕಾಗುತ್ತದೆ, ಹಣ್ಣಾದರೂ ಸಿಹಿ ಬರುವುದಿಲ್ಲ. ಒಮ್ಮೆ ಹಾಗೆ ಕೊಟ್ಟರೆ ಅಂಗಡಿಯವರು ಮುಂದಿನ ಸಲ ನಿಮ್ಮ ಕಾಯಿ ಮುಟ್ಟುವುದಿಲ್ಲ.

ಬಲಿತದ್ದು, ಎಳೆಯದು ಎರಡನ್ನೂ ಒಂದೇ ರಾಶಿಗೆ ಹಾಕಬೇಡಿ. ಹಣ್ಣಾಗುವ ಬಾಳೆ ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಸಾಕು, ಪಕ್ಕದ ಹಸಿರು ಕಾಯಿ ಹಣ್ಣಾಗಲು ತೊಡಗುತ್ತದೆ. ಒಂದು ಗೊನೆ ಮುಂದೆ ಹೋದರೆ ಕೋಣೆಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ.

ಹಂತ 3: ಕಡಿದು ನೆರಳಿಗೆ ತರುವುದು

ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಕಡಿಯಿರಿ. ಇಬ್ಬರು ಬೇಕೇ ಬೇಕು. ಒಬ್ಬರು ಬಾಳೆ ಕಂಬಕ್ಕೆ ಅರ್ಧ ಕಡಿದು ಅದನ್ನು ನಿಧಾನ ಬಾಗಿಸಬೇಕು. ಇನ್ನೊಬ್ಬರು ಹೆಗಲ ಮೇಲೆ ಮಡಚಿದ ಗೋಣಿ ಹಾಕಿಕೊಂಡು ಗೊನೆಯನ್ನು ಹಿಡಿದುಕೊಳ್ಳಬೇಕು. ಆಮೇಲೆ ಮೊದಲ ಚಿಪ್ಪಿಗಿಂತ ಮೇಲೆ ಒಂದು ಅಡಿ ದಿಂಡು ಬಿಟ್ಟು ಕತ್ತರಿಸಿ. ಹಿಡಿಯಲು ಅದೇ ಹಿಡಿಕೆ.

ಒಬ್ಬರೇ ಕಡಿದು ಗೊನೆ ನೆಲಕ್ಕೆ ಬೀಳಲು ಬಿಡುವುದು ನಮ್ಮಲ್ಲಿ ಸಾಮಾನ್ಯ. ಹಸಿರು ಕಾಯಿಗೆ ಬಿದ್ದ ಪೆಟ್ಟು ಆಗ ಕಣ್ಣಿಗೆ ಕಾಣುವುದಿಲ್ಲ. ಹಳದಿ ಬಣ್ಣ ಬಂದಾಗ ಕಪ್ಪು ಕಲೆಯಾಗಿ ಕಾಣುತ್ತದೆ. ಏಲಕ್ಕಿಯ ಸಿಪ್ಪೆ ತೆಳು, ಅದಕ್ಕೆ ಇದು ಇನ್ನೂ ಜಾಸ್ತಿ.

ಗೊನೆಯನ್ನು ಬರೀ ಮಣ್ಣಿನ ಮೇಲೆ ಇಡಬೇಡಿ. ಅಡಿಕೆ ತೋಟದಲ್ಲಾದರೆ ನೆರಳು ಪುಕ್ಕಟೆ ಸಿಗುತ್ತದೆ, ಬಾಳೆ ಎಲೆ ಹಾಸಿ ಅಲ್ಲೇ ಇಡಿ. ಬಯಲಲ್ಲಿ ಬಾಳೆ ಮಾಡಿರುವ ಶಿರಾ, ಮಧುಗಿರಿ ಕಡೆಯವರು ಕೂಡಲೇ ಶೆಡ್ಡಿಗೆ ಸಾಗಿಸಬೇಕು. ಟೆಂಪೊ ಬರುವವರೆಗೆ ರಸ್ತೆ ಬದಿಯ ಬಿಸಿಲಲ್ಲಿ ರಾಶಿ ಹಾಕಿದರೆ ಕಾಯಿಯ ಒಳಗಿನ ಬಿಸಿ ಗಾಳಿಯ ಬಿಸಿಗಿಂತಲೂ ಮೇಲೆ ಹೋಗುತ್ತದೆ. ಬಿಸಿಯಾದಷ್ಟೂ ಕಾಯಿ ಜೋರಾಗಿ ಉಸಿರಾಡುತ್ತದೆ, ಅಷ್ಟೂ ಬೇಗ ಮಾಗುತ್ತದೆ.

ಶೆಡ್ಡಿನಲ್ಲಿ ಗೊನೆಯನ್ನು ದಿಂಡಿಗೆ ಹಗ್ಗ ಕಟ್ಟಿ ತೂಗು ಹಾಕುವುದೇ ಒಳ್ಳೆಯದು. ಗೊನೆಯಾಗಿಯೇ ಮಾರುವವರು ಕಡಿದ ತುದಿಯ ಸೊನೆ ಸೋರಿ ನಿಂತ ಮೇಲೆ ಮಾತ್ರ ಗಾಡಿಗೆ ಏರಿಸಿ.

ಹಂತ 4: ಚಿಪ್ಪು ಬಿಡಿಸಿ, ಸೊನೆ ಇಳಿಸಿ, ತೊಳೆಯುವುದು

ತೂಗು ಹಾಕಿದ ಗೊನೆಯಿಂದ ಚಿಪ್ಪನ್ನು ಒಂದೇ ಏಟಿಗೆ, ನುಣ್ಣಗೆ ಕತ್ತರಿಸಿ. ಚಿಪ್ಪಿನ ಬುಡದಲ್ಲಿ ದಿಂಡಿನ ಸ್ವಲ್ಪ ಭಾಗ ಇರಲಿ. ಕೈಯಲ್ಲಿ ಕಿತ್ತರೆ ನಾರು ಹರಿದು, ಬುಡ ಒರಟಾಗಿ, ಅಲ್ಲೇ ಕೊಳೆ ಹತ್ತುತ್ತದೆ. ಮಂಡಿಯಲ್ಲಿ ಕಾಣುವ ಕಪ್ಪು ಬುಡಕ್ಕೆ ಮುಖ್ಯ ಕಾರಣ ಮೊಂಡು ಚಾಕು ಮತ್ತು ಕೊಳಕು ನೀರು. ಚಾಕುವನ್ನು ಆಗಾಗ ಬ್ಲೀಚಿಂಗ್ ನೀರಿನಲ್ಲಿ ಅದ್ದಿ ತೆಗೆಯಿರಿ.

ಕತ್ತರಿಸಿದ ಚಿಪ್ಪನ್ನು ಬುಡ ಕೆಳಗೆ ಮಾಡಿ ಬಾಳೆ ಎಲೆಯ ಮೇಲೆ ಇಡಿ. ಹತ್ತು ಹದಿನೈದು ನಿಮಿಷ ಸೊನೆ ಇಳಿಯಲಿ. ಬುಡ ಮೇಲೆ ಇದ್ದರೆ ಸೊನೆ ಕಾಯಿಗಳ ಮೇಲೆ ಹರಿದು ಕರೆ ಹಿಡಿಯುತ್ತದೆ. ಒಣಗಿದ ಕರೆ ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಉಜ್ಜಿದರೆ ಸಿಪ್ಪೆಯೇ ಹಾಳು.

ಈಗ ಎರಡು ತೊಟ್ಟಿಯ ಕೆಲಸ.

ಮೊದಲ ತೊಟ್ಟಿ: 100 ಲೀಟರ್ ಶುದ್ಧ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್. ಪುಡಿಯನ್ನು ನೇರ ತೊಟ್ಟಿಗೆ ಸುರಿಯಬೇಡಿ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ನೀರು ಮಾತ್ರ ಹಾಕಿ. ಇಲ್ಲದಿದ್ದರೆ ಕಾಯಿ ಮೇಲೆ ಬಿಳಿ ಕಲೆ ಉಳಿಯುತ್ತದೆ. ಚಿಪ್ಪನ್ನು ಎರಡು ಮೂರು ನಿಮಿಷ ಇದರಲ್ಲಿ ಅಲುಗಾಡಿಸಿ ತೆಗೆಯಿರಿ, ನೀರು ಪೂರ್ತಿ ಬಸಿಯಲಿ.

ಎರಡನೇ ತೊಟ್ಟಿ: 100 ಲೀಟರ್ ನೀರಿಗೆ 1 ಕೆಜಿ ಪಟಿಕ, ಪೂರ್ತಿ ಕರಗಿಸಿದ್ದು. ಚಿಪ್ಪು ಇದರಲ್ಲಿ ಕೆಲವು ನಿಮಿಷ ಮುಳುಗಿರಲಿ. ಕತ್ತರಿಸಿದ ಬುಡದಲ್ಲಿ ಸೊನೆ ಬರುವುದು ನಿಲ್ಲುತ್ತದೆ, ಕೊಳೆಯೂ ಕಡಿಮೆಯಾಗುತ್ತದೆ.

ಎಚ್ಚರಿಕೆ ಒಂದಿದೆ. ಪಟಿಕ ಮತ್ತು ಬ್ಲೀಚಿಂಗ್ ಪೌಡರನ್ನು ಒಂದೇ ತೊಟ್ಟಿಗೆ ಹಾಕಬೇಡಿ. ಪಟಿಕದ ನೀರು ಹುಳಿ. ಅದಕ್ಕೆ ಬ್ಲೀಚಿಂಗ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಕಣ್ಣಿಗೂ ಎದೆಗೂ ಅಪಾಯ. ಸಮಯ ಉಳಿಸಲು ಎರಡನ್ನೂ ಸೇರಿಸುವವರಿದ್ದಾರೆ. ದಯವಿಟ್ಟು ಬೇಡ.

ನೀರಿನ ಬಣ್ಣ ಕೆಟ್ಟ ಕೂಡಲೇ ಬದಲಿಸಿ. ಒಂದು ಕೊಳೆತ ಕಾಯಿ ತೊಳೆದ ನೀರಿನಲ್ಲೇ ಉಳಿದ ನೂರು ಚಿಪ್ಪು ಅದ್ದಿದರೆ, ತೊಳೆಯದೆ ಇಡುವುದಕ್ಕಿಂತ ಕೆಟ್ಟದ್ದು.

ಶಿಲೀಂಧ್ರನಾಶಕದಲ್ಲಿ ಅದ್ದಿ ತೆಗೆಯುವ ಸಲಹೆ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ನಾನು ಹೇಳುವುದಿಲ್ಲ. ಈ ಹಣ್ಣು ಕೆಲವೇ ದಿನದಲ್ಲಿ ಯಾವುದೋ ಮನೆಯ ಮಗುವಿನ ಕೈಗೆ ಹೋಗುತ್ತದೆ. ಹರಿತ ಚಾಕು, ಶುದ್ಧ ನೀರು, ಪಟಿಕ ಇವಿಷ್ಟನ್ನು ಸರಿಯಾಗಿ ಮಾಡಿದವರಿಗೆ ವಿಷ ಬೇಕಾಗುವುದಿಲ್ಲ.

ಹಂತ 5: ಆರಿಸುವುದು, ವಿಂಗಡಿಸುವುದು

ನೆರಳಿನಲ್ಲಿ, ಫ್ಯಾನ್ ಗಾಳಿಗೆ ಆರಲಿ. ಚಿಪ್ಪಿನ ಸಂದಿಯಲ್ಲಿ ಒಂದು ಹನಿ ನೀರೂ ಇರಬಾರದು. ಸೀಳಿದ್ದು, ಗೀರಿದ್ದು, ಪೆಟ್ಟಾದದ್ದು ಬೇರೆ ಇಡಿ. ಗಾಯವಾದ ಕಾಯಿ ಎಥಿಲೀನ್ ಜಾಸ್ತಿ ಬಿಡುತ್ತದೆ, ಅದನ್ನು ಅವತ್ತೇ ಹತ್ತಿರದ ಅಂಗಡಿಗೆ ಅಥವಾ ಚಿಪ್ಸ್ ಮಾಡುವವರಿಗೆ ಕೊಟ್ಟುಬಿಡಿ. ಗೊನೆಯ ಮೇಲಿನ ಚಿಪ್ಪುಗಳು ಒಂದು ಕ್ರೇಟ್, ಕೆಳಗಿನವು ಇನ್ನೊಂದು ಕ್ರೇಟ್.

ಹಂತ 6: ಕವರ್ ಮತ್ತು ಪರ್ಮಾಂಗನೇಟ್ ಪೊಟ್ಟಣ

ಎಲ್ಲರೂ ಮೊದಲು ಕೇಳುವುದು ಇದನ್ನೇ. ಕೆಲಸ ಮಾಡುತ್ತದೆ, ಹಿಂದಿನ ಐದೂ ಹಂತ ಸರಿಯಾಗಿದ್ದರೆ ಮಾತ್ರ. ತೆಳು ಪಾಲಿಥೀನ್ ಕವರ್ ತೇವ ಹೋಗದಂತೆ ತಡೆಯುತ್ತದೆ, ಕಾಯಿಯ ಉಸಿರಾಟ ನಿಧಾನ ಮಾಡುತ್ತದೆ. ಒಳಗೆ ಸೇರುವ ಎಥಿಲೀನನ್ನು ಪೊಟ್ಯಾಶಿಯಂ ಪರ್ಮಾಂಗನೇಟ್ ತಿಂದು ಹಾಕುತ್ತದೆ. ಎರಡೂ ಸೇರಿದರೆ ಹಸಿರಾಗಿ ನಿಲ್ಲುವ ದಿನ ಸುಮಾರು ಎರಡರಷ್ಟಾಗಬಹುದು.

ಪೊಟ್ಟಣ ಮಾಡುವುದು ಹೀಗೆ: 100 ಮಿಲಿ ನೀರಿಗೆ 6 ಗ್ರಾಂ ಪರ್ಮಾಂಗನೇಟ್ ಕರಗಿಸಿ. ಅದರಲ್ಲಿ ಇಟ್ಟಿಗೆ ಚೂರು ಅಥವಾ ಸೀಮೆಸುಣ್ಣದ ತುಂಡು ನೆನೆಹಾಕಿ. ನೆರಳಲ್ಲಿ ಒಣಗಿಸಿ, ಗಾಳಿ ಆಡುವ ತೆಳು ಬಟ್ಟೆಯಲ್ಲಿ ಕಟ್ಟಿ. ಕೈಗವಸು ಹಾಕಿಕೊಳ್ಳಿ. ಈ ಪುಡಿಯನ್ನು ಸಕ್ಕರೆ, ಎಣ್ಣೆ, ಸೀಮೆಎಣ್ಣೆ, ಗ್ಲಿಸರಿನ್ ಹತ್ತಿರ ಇಡಬೇಡಿ, ಬೆಂಕಿ ಹತ್ತಬಹುದು. ಮಕ್ಕಳ ಕೈಗೆ ಸಿಗಬಾರದು.

ಪೊಟ್ಟಣ ಕಾಯಿಗೆ ತಾಗಬಾರದು. ಕವರಿನ ಒಂದು ಮೂಲೆಯಲ್ಲಿ, ಕಾಗದ ಅಡ್ಡ ಇಟ್ಟು ಕೂರಿಸಿ. ನೇರಳೆ ಬಣ್ಣ ಕಂದು ಬಣ್ಣಕ್ಕೆ ತಿರುಗಿದರೆ ಅದರ ಶಕ್ತಿ ಮುಗಿಯಿತು, ಬದಲಿಸಿ. ಹಣ್ಣಾಗಲು ಶುರುವಾದ ಕಾಯಿಗೆ ಈ ಪೊಟ್ಟಣ ಇಟ್ಟು ಪ್ರಯೋಜನವಿಲ್ಲ. ಹಿಂದಕ್ಕೆ ತಿರುಗಿಸುವ ಉಪಾಯ ಯಾವುದೂ ಇಲ್ಲ.

ಬಿಸಿ ಕಾಯಿಯನ್ನು ಕವರಿಗೆ ತುಂಬುವುದು ದೊಡ್ಡ ತಪ್ಪು. ಒಳಗೆ ಹನಿ ಕಟ್ಟುತ್ತದೆ, ಎರಡನೇ ದಿನಕ್ಕೆ ಬೂಸ್ಟು. ಕವರ್ ಬಿಚ್ಚಿದಾಗ ಹುಳಿ ಹೆಂಡದ ವಾಸನೆ ಬಂದರೆ ಕಾಯಿಗೆ ಉಸಿರು ಕಟ್ಟಿದೆ ಎಂದು ಅರ್ಥ. ತಕ್ಷಣ ಹೊರಗೆ ತೆಗೆದು ಗಾಳಿಗೆ ಹರಡಿ.

ಹಂತ 7: ತಂಪು

ಹಸಿರು ಬಾಳೆಗೆ ಸರಿಯಾದ ತಂಪು 13ರಿಂದ 14 ಡಿಗ್ರಿ, ಗಾಳಿಯಲ್ಲಿ ತೇವ ಶೇಕಡಾ 90ರಿಂದ 95. ಅದಕ್ಕಿಂತ ತಂಪು ಒಳ್ಳೆಯದು ಅಂದುಕೊಳ್ಳಬೇಡಿ. 13ಕ್ಕಿಂತ ಕೆಳಗೆ ಇಟ್ಟರೆ ಸಿಪ್ಪೆ ಮಂಕಾಗಿ, ಒಳಪದರದಲ್ಲಿ ಕಂದು ಗೆರೆ ಮೂಡಿ, ಕಾಯಿ ಸರಿಯಾಗಿ ಹಣ್ಣಾಗುವುದೇ ಇಲ್ಲ. ಆಲೂಗಡ್ಡೆ ಇಡುವ ಶೀತಲಗೃಹದಲ್ಲಿ ಜಾಗ ಸಿಕ್ಕಿತು ಎಂದು ಬಾಳೆ ಇಡಬೇಡಿ. ಆಲೂಗಡ್ಡೆಗೆ ಬೇಕಾದ ಚಳಿ ಬಾಳೆಯನ್ನು ಕೊಲ್ಲುತ್ತದೆ. ಮನೆಯ ಫ್ರಿಜ್ಜೂ ಅಷ್ಟೇ, ಹಸಿರು ಕಾಯಿಗೆ ಬೇಡ. ಪೂರ್ತಿ ಹಣ್ಣಾದದ್ದನ್ನು ಬೇಕಾದರೆ ಫ್ರಿಜ್ಜಿನಲ್ಲಿ ಇಡಬಹುದು. ಸಿಪ್ಪೆ ಕಪ್ಪಾದರೂ ತಿರುಳು ಕೆಲವು ದಿನ ಚೆನ್ನಾಗಿರುತ್ತದೆ.

ಸಣ್ಣ ಬೆಳೆಗಾರರಿಗೆ ಕರೆಂಟ್ ಬೇಡದ ತಂಪು ತೊಟ್ಟಿ ಒಳ್ಳೆಯ ದಾರಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ವಿಧಾನ ಇದು. ನಮ್ಮ ಶಿರಾ, ಪಾವಗಡದ ಒಣ ಬೇಸಿಗೆಗೆ ಹೇಳಿ ಮಾಡಿಸಿದಂತಿದೆ.

ಎತ್ತರದ, ಗಾಳಿ ಆಡುವ, ನೀರು ಹತ್ತಿರವಿರುವ ಜಾಗ ಆರಿಸಿ. ಇಟ್ಟಿಗೆ ಹಾಸಿ 165 ಸೆಂಮೀ ಉದ್ದ, 115 ಸೆಂಮೀ ಅಗಲದ ನೆಲ ಮಾಡಿ. ಸುತ್ತಲೂ ಎರಡು ಸಾಲು ಇಟ್ಟಿಗೆ ಗೋಡೆ ಎಬ್ಬಿಸಿ, ನಡುವೆ 7.5 ಸೆಂಮೀ ಸಂದು ಬಿಡಿ. ಎತ್ತರ 67.5 ಸೆಂಮೀ. ಸಂದಿಗೆ ಒದ್ದೆ ಮರಳು ತುಂಬಿ. ಬಿದಿರಿನ ಚೌಕಟ್ಟಿಗೆ ಹುಲ್ಲು ಅಥವಾ ಗೋಣಿ ಕಟ್ಟಿ ಮುಚ್ಚಳ ಮಾಡಿ. ಮೇಲೆ ತೆಂಗಿನ ಗರಿಯ ಚಪ್ಪರ ಇರಲೇಬೇಕು, ಬಿಸಿಲು ಬಿದ್ದರೆ ತಂಪು ಬರುವುದಿಲ್ಲ. ಬೆಳಗ್ಗೆ ಸಂಜೆ ಗೋಡೆಗೆ, ಮರಳಿಗೆ, ಮುಚ್ಚಳಕ್ಕೆ ನೀರು ಹಾಕಿ. ಹನಿ ನೀರಾವರಿಯ ಒಂದು ತುಂಡು ಪೈಪು ಮರಳಿನ ಮೇಲೆ ಎಳೆದರೆ ಈ ಕೆಲಸವೂ ತಪ್ಪುತ್ತದೆ.

ಒಳಗೆ ಸುಮಾರು 100 ಕೆಜಿ ಹಿಡಿಯುತ್ತದೆ. ಕಾಯಿ ಕ್ರೇಟಿನಲ್ಲೇ ಇರಲಿ, ಒದ್ದೆ ಇಟ್ಟಿಗೆಗೆ ತಾಗಬಾರದು. ಹೊರಗೆ ಸುಡು ಬಿಸಿಲಿರುವಾಗ ಒಳಗಿನ ಬಿಸಿ ಹೊರಗಿಗಿಂತ 10 ಡಿಗ್ರಿಗೂ ಮೀರಿ ಇಳಿದಿರುತ್ತದೆ. ಫೆಬ್ರವರಿಯಿಂದ ಮೇವರೆಗೆ ಇದರ ಲಾಭ ಜಾಸ್ತಿ. ಮಳೆಗಾಲದಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ ನೀರು ಆರುವುದಿಲ್ಲ, ತಂಪೂ ಬರುವುದಿಲ್ಲ. ಆಗ ಗಾಳಿ ಆಡುವ ಕೋಣೆಯೇ ಮೇಲು.

ಟೊಮೆಟೊ, ಮಾವು, ಪಪ್ಪಾಯಿ ಜೊತೆಗಿಡಬೇಡಿ. ಅವೂ ಎಥಿಲೀನ್ ಬಿಡುತ್ತವೆ.

ಹಂತ 8: ಸಾಗಣೆ

ರಾತ್ರಿ ಅಥವಾ ನಸುಕಿನಲ್ಲಿ ಹೊರಡಿಸಿ. ತುಮಕೂರಿಂದ ಬೆಂಗಳೂರು 70 ಕಿಮೀ ಮಾತ್ರ. ಆದರೆ ಹಗಲಲ್ಲಿ ಹೊರಟು ನಗರದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ ಟಾರ್ಪಲ್ ಕೆಳಗೆ ಕಾಯಿ ಬೇಯುತ್ತದೆ. ಗೊನೆಯಾದರೆ ನಿಲ್ಲಿಸಿ, ನಡುವೆ ಎಲೆ ಹಾಸಿ. ಗೊನೆಗಳ ಮೇಲೆ ಆಳು ಕೂರಬಾರದು, ಮೂಟೆ ಹೇರಬಾರದು. ಕ್ರೇಟಾದರೆ ಅಂಚಿಗಿಂತ ಮೇಲೆ ತುಂಬಬೇಡಿ, ಮೇಲಿನ ಕ್ರೇಟಿನ ಭಾರ ಕಾಯಿಗೆ ಬೀಳುತ್ತದೆ. ಟಾರ್ಪಲ್ ಕಾಯಿಗೆ ಅಂಟದಂತೆ ಸ್ವಲ್ಪ ಎತ್ತರದಲ್ಲಿ ಕಟ್ಟಿ, ಗಾಳಿ ಹೋಗಲು ದಾರಿ ಬಿಡಿ.

ಹಂತ 9: ಹಣ್ಣು ಮಾಡುವುದು

ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ಕಾನೂನಿಗೆ ವಿರುದ್ಧ. ಆಹಾರ ಸುರಕ್ಷತೆಯ 2011ರ ನಿಯಮಗಳು ಅದನ್ನು ನಿಷೇಧಿಸಿವೆ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಇರುತ್ತದೆ. ಎಥೆಫಾನ್ ಎಂಬ ಹಣ್ಣು ಮಾಡುವ ರಾಸಾಯನಿಕದ ದ್ರಾವಣದಲ್ಲಿ ಹಣ್ಣನ್ನು ಅದ್ದುವುದಕ್ಕೂ ಅನುಮತಿ ಇಲ್ಲ. ಅನುಮತಿ ಇರುವುದು ಎಥಿಲೀನ್ ಅನಿಲಕ್ಕೆ, ಅದೂ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ವರೆಗೆ. ಹಣ್ಣು ಮಾಡುವ ಕೋಣೆ ಇರುವವರು 16ರಿಂದ 18 ಡಿಗ್ರಿಯಲ್ಲಿ ಒಂದು ದಿನ ಅನಿಲ ಕೊಟ್ಟು, ಆಮೇಲೆ ಕೋಣೆಯ ಗಾಳಿ ಬದಲಿಸುತ್ತಾರೆ.

ಅಷ್ಟೆಲ್ಲ ಇಲ್ಲದವರು ತಂಪು ಕೋಣೆಯಲ್ಲಿ ಹುಲ್ಲು ಹಾಸಿ, ಒಂದೆರಡು ಹಣ್ಣಾದ ಚಿಪ್ಪು ನಡುವೆ ಇಟ್ಟು ಮುಚ್ಚಿದರೆ ಸಾಕು. ಒಳಗಿನ ಬಿಸಿ 30 ಡಿಗ್ರಿ ದಾಟಿದರೆ ಪಚ್ಚಬಾಳೆಯ ತಿರುಳು ಮೆತ್ತಗಾಗಿಯೂ ಸಿಪ್ಪೆ ಹಸಿರಾಗಿಯೇ ಉಳಿಯುತ್ತದೆ. ಯಾವ ತಳಿಯಾದರೂ ಹೆಚ್ಚು ಬಿಸಿಗೆ ತೊಟ್ಟು ಸಡಿಲವಾಗಿ ಕಾಯಿ ಉದುರುತ್ತದೆ. ಬೇಗ ಆಗಲಿ ಎಂದು ಶೀಟಿನ ಮನೆಯಲ್ಲಿ ಮುಚ್ಚಿಡುವವರ ಹಣ್ಣು ಉದುರುವುದು ಇದಕ್ಕೇ.

ಕೆಟ್ಟ ಕಾಯಿ ನೋಡಿ ತಪ್ಪು ಹುಡುಕುವುದು

ಚಿಪ್ಪಿನ ಬುಡ ಕಪ್ಪಾಗಿ ಬಿಳಿ ಬೂಸ್ಟು ಬಂದರೆ 4ನೇ ಹಂತಕ್ಕೆ ಹೋಗಿ, ಚಾಕು ಮತ್ತು ನೀರು ನೋಡಿ. ಹಣ್ಣಾದ ಮೇಲೆ ಮೈತುಂಬ ತಗ್ಗಾದ ಕಪ್ಪು ಚುಕ್ಕೆ ಬಂದರೆ ತೋಟದ ಒಣ ಎಲೆ ತೆಗೆದಿಲ್ಲ ಎಂದು ಅರ್ಥ. ಒಂದೇ ಪಕ್ಕದಲ್ಲಿ ದೊಡ್ಡ ಕಲೆ ಇದ್ದರೆ ಅದು ಪೆಟ್ಟು: ಕಡಿಯುವಾಗ ಇಲ್ಲವೇ ಗಾಡಿಯಲ್ಲಿ ಬಿದ್ದದ್ದು. ಕಾಯಿ ಸುಕ್ಕಾದರೆ ಎಳೆಯದು ಕಡಿದಿದ್ದೀರಿ ಅಥವಾ ಒಣ ಗಾಳಿಗೆ ಬಿಟ್ಟಿದ್ದೀರಿ. ಒಂದು ಕ್ರೇಟಿನಲ್ಲಿ ಅರ್ಧ ಹಳದಿ ಅರ್ಧ ಹಸಿರು ಇದ್ದರೆ ವಿಂಗಡಣೆ ಸರಿಯಾಗಿಲ್ಲ.

ಪ್ರತಿ ಕಟಾವಿನಲ್ಲೂ ಎರಡು ಚಿಪ್ಪು ಮನೆಯಲ್ಲೇ ಉಳಿಸಿಕೊಳ್ಳಿ. ಒಂದನ್ನು ತೊಳೆದು ಕವರಿನಲ್ಲಿ, ಇನ್ನೊಂದನ್ನು ಹಾಗೇ ಇಡಿ. ದಾರದ ಬಣ್ಣ, ಕಡಿದ ತಾರೀಕು, ಕೋಣೆಯ ಬಿಸಿ, ಹಳದಿ ಬಂದ ದಿನ ಬರೆಯಿರಿ. ತಳಿ, ಮಣ್ಣು, ಹವೆ ತೋಟದಿಂದ ತೋಟಕ್ಕೆ ಬೇರೆ, ಅಲ್ವಾ? ಈ ಪುಸ್ತಕ ಹಿಡಿದುಕೊಂಡು ಹಿರೇಹಳ್ಳಿ ಅಥವಾ ತಿಪಟೂರಿನ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ, ನಿಮ್ಮ ತೋಟಕ್ಕೇ ಹೊಂದುವ ಉತ್ತರ ಸಿಗುತ್ತದೆ. ಪ್ಯಾಕ್ ಹೌಸ್ (ತೊಳೆದು, ವಿಂಗಡಿಸಿ, ತುಂಬುವ ಶೆಡ್ಡು) ಕಟ್ಟುವ ಯೋಚನೆ ಇದ್ದರೆ ಇಟ್ಟಿಗೆ ತರಿಸುವ ಮುಂಚೆಯೇ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಸಹಾಯಧನದ ಬಗ್ಗೆ ವಿಚಾರಿಸಿ.